ಧೂಳಿನ ಲೆಕ್ಕ: ಗಣಿಯ ಗೋಡೆಯಿಂದ ಕೆಲಸಗಾರನ ಕಾಲರಿನವರೆಗೆ

1899ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಅರರಿಗೂ ಯುದ್ಧ ಹತ್ತಿಕೊಂಡಾಗ ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳು ಒಂದೊಂದಾಗಿ ನಿಂತವು. ಅಲ್ಲಿ ಡ್ರಿಲ್ ಯಂತ್ರ ಹಿಡಿದು ಬಂಡೆ ಕೊರೆಯುತ್ತಿದ್ದ ಬಿಳಿಯರಲ್ಲಿ ಬಹಳ ಮಂದಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. ಅವರು ಹಡಗು ಹತ್ತಿ ಊರು ಸೇರಿಕೊಂಡರು. ಎರಡು ವರ್ಷ ಕಳೆದು ಗಣಿಗಳು ಮತ್ತೆ ತೆರೆಯುವ ಕಾಲ ಬಂತು. ಹಳೆಯ ಆಳುಗಳನ್ನು ಹೆಸರು ಹಿಡಿದು ಹುಡುಕತೊಡಗಿದರು. ಹುಡುಕಿದವರಿಗೆ ಸಿಕ್ಕ ಲೆಕ್ಕ ಹೀಗಿತ್ತು: ಯುದ್ಧಕ್ಕೆ ಮುಂಚೆ ಕೆಲಸದಲ್ಲಿದ್ದ 1,377 ಡ್ರಿಲ್ಲರುಗಳಲ್ಲಿ 225 ಮಂದಿ ಇಷ್ಟರೊಳಗೆ ತೀರಿಕೊಂಡಿದ್ದರು. ಗಣಿ ಕುಸಿದಿರಲಿಲ್ಲ, ಸ್ಫೋಟವಾಗಿರಲಿಲ್ಲ. ಗಣಿಯಿಂದ ದೂರವಾಗಿ ಕುಳಿತಿದ್ದ ಕಾಲದಲ್ಲೇ, ಇನ್ನೂ ಪ್ರಾಯದಲ್ಲಿದ್ದ ಗಂಡಸರು ಕೆಮ್ಮಿ ಕೆಮ್ಮಿ, ಉಸಿರು ಸಾಲದೆ ಸತ್ತಿದ್ದರು.

1902ರಲ್ಲಿ ಈ ಬಗ್ಗೆ ಆಯೋಗವೊಂದು ನೇಮಕವಾಯಿತು. ಪರೀಕ್ಷೆಗೆ ಒಳಗಾದ 1,210 ಗಣಿ ಕೆಲಸಗಾರರಲ್ಲಿ 187 ಮಂದಿಯ ಶ್ವಾಸಕೋಶ ಆಗಲೇ ಕೆಟ್ಟಿತ್ತು. ಕಾಯಿಲೆಗೆ ಆ ಕಾಲದಲ್ಲಿ 'ಮೈನರ್ಸ್ ಥೈಸಿಸ್', ಅಂದರೆ ಗಣಿಯವರ ಕ್ಷಯ, ಎಂದು ಹೆಸರಿತ್ತು. ಇಂದು ನಾವು ಸಿಲಿಕೋಸಿಸ್ ಎನ್ನುತ್ತೇವೆ. ಬಿಳಿಕಲ್ಲಿನ, ಅಂದರೆ ಕ್ವಾರ್ಟ್ಜ್‌ನ, ಅತಿ ಸಣ್ಣ ಕಣ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತದೆ. ಅದನ್ನು ನುಂಗಿ ತೆಗೆಯಲು ಬರುವ ರಕ್ಷಕ ಜೀವಕೋಶ ತಾನೇ ಸಾಯುತ್ತದೆ. ಸತ್ತ ಜಾಗದಲ್ಲಿ ಗಾಯದ ಕಲೆಯಂತೆ ಗಟ್ಟಿ ಗಂಟು ಕಟ್ಟುತ್ತದೆ. ಧೂಳಿನಿಂದ ದೂರ ಬಂದ ಮೇಲೂ ಆ ಗಂಟು ಬೆಳೆಯುವುದು ನಿಲ್ಲದೆ ಇರಬಹುದು, ಅದಕ್ಕೆ ಔಷಧವಿಲ್ಲ, ಮೇಲಿಂದ ಕ್ಷಯರೋಗ ಬಂದು ಕೂರುವುದು ಸುಲಭ. ಕಾರ್ನ್‌ವಾಲ್‌ಗೆ ಮರಳಿದವರು ಊರಿನ ಗಾಳಿಯಲ್ಲೂ ಬದುಕದೆ ಹೋದದ್ದು ಈ ಕಾರಣಕ್ಕೆ.

ಬಂಡೆಯ ಧೂಳು ಕೆಟ್ಟದ್ದೆಂದು ಕಲ್ಲುಕುಟಿಗರಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಆದರೆ 'ಧೂಳು ಕೆಟ್ಟದ್ದು' ಎಂಬ ಮಾತನ್ನು ಹಿಡಿದು ಗಣಿಯ ಒಡೆಯನ ಮುಂದೆ ನಿಲ್ಲಲಾಗದು. ಎಷ್ಟು ಧೂಳು, ಎಲ್ಲಿ, ಯಾವ ಕೆಲಸದಲ್ಲಿ, ಯಾರ ಮೂಗಿನ ಬಳಿ ಎಂದು ಅವನು ಕೇಳುತ್ತಾನೆ. ಉತ್ತರಕ್ಕೆ ಅಳತೆ ಬೇಕು. ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಆ ಅಳತೆಯ ಯಂತ್ರಗಳು ಬದಲಾಗುತ್ತಾ ಬಂದವು. ನನ್ನ ದೃಷ್ಟಿಯಲ್ಲಿ ಯಂತ್ರದ ಸೂಕ್ಷ್ಮತೆಗಿಂತ ಹೆಚ್ಚು ಮುಖ್ಯವಾದ ಬದಲಾವಣೆ ಒಂದೇ: ಆ ಯಂತ್ರವನ್ನು ಎಲ್ಲಿ ಇಟ್ಟರು ಎಂಬುದು. ಇಟ್ಟ ಜಾಗ ಯಾರ ಉಸಿರು ಲೆಕ್ಕಕ್ಕೆ ಸೇರುತ್ತದೆ, ಯಾರದ್ದು ಸೇರುವುದಿಲ್ಲ ಎಂಬುದನ್ನು ತೀರ್ಮಾನಿಸಿತು.

ದಕ್ಷಿಣ ಆಫ್ರಿಕಾದವರ ಮೊದಲ ಉಪಾಯ ಸಕ್ಕರೆ. ಗಾಜಿನ ಕೊಳವೆಯಲ್ಲಿ ಹರಳು ಸಕ್ಕರೆ ತುಂಬಿ ಗಣಿಯ ಗಾಳಿಯನ್ನು ಅದರೊಳಗಿಂದ ಎಳೆಯುತ್ತಿದ್ದರು. ಧೂಳು ಸಕ್ಕರೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಸೋಸಿ, ಉಳಿದದ್ದನ್ನು ತೂಗುತ್ತಿದ್ದರು. ಜಾಣತನದ ವಿಧಾನ, ಆದರೆ ತೂಕ ದಾರಿ ತಪ್ಪಿಸಿತು. 1913ರಲ್ಲಿ ಜಾನ್ ಮೆಕ್ರೇ ಎಂಬ ವಿಜ್ಞಾನಿ ಸತ್ತ ಗಣಿಗಾರರ ಶ್ವಾಸಕೋಶಗಳನ್ನು ಸುಟ್ಟು, ಬೂದಿಯಲ್ಲಿ ಉಳಿದ ಕಲ್ಲಿನ ಕಣಗಳನ್ನು ಸೂಕ್ಷ್ಮದರ್ಶಕದಡಿ ಅಳೆದಿದ್ದರು. ಅವುಗಳಲ್ಲಿ ಹೆಚ್ಚಿನವು ಅತಿ ಸಣ್ಣವು, ಮೈಕ್ರಾನಿನ ಲೆಕ್ಕದವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹತ್ತು ಮೈಕ್ರಾನಿನ ಕಲ್ಲಿನ ಕಣ ನಿಂತ ಗಾಳಿಯಲ್ಲಿ ಆಳೆತ್ತರದಿಂದ ನೆಲಕ್ಕೆ ಬೀಳಲು ಮೂರ್ನಾಲ್ಕು ನಿಮಿಷ ಸಾಕು. ಒಂದು ಮೈಕ್ರಾನಿನ ಕಣ ಅಷ್ಟೇ ದೂರ ಇಳಿಯಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವ ಧೂಳು ನೆಲಕ್ಕಿಳಿದು ಸುರಂಗ ಸ್ವಚ್ಛವಾದಂತೆ ಕಂಡ ಮೇಲೂ ಕೊಲ್ಲುವ ಧೂಳು ಗಾಳಿಯಲ್ಲೇ ತೇಲುತ್ತಿರುತ್ತದೆ. ತಕ್ಕಡಿಯಲ್ಲಿ ಒಂದು ದಪ್ಪ ಕಣ ಸಾವಿರ ಸಣ್ಣ ಕಣಗಳ ತೂಕ ತೂಗಿ, ನೋಡಬೇಕಾದ್ದನ್ನೇ ಮರೆಮಾಡುತ್ತದೆ.

ಹಾಗಾಗಿ ತೂಗುವುದನ್ನು ಬಿಟ್ಟು ಎಣಿಸುವುದಕ್ಕೆ ಹೊರಳಿದರು. ಸರ್ಕಾರದ ಗಣಿ ಎಂಜಿನಿಯರ್ ರಾಬರ್ಟ್ ಕೊಟ್ಜೆ 1916ರ ಹೊತ್ತಿಗೆ ಕೋನಿಮೀಟರ್ ಎಂಬ ಕೈಯಳತೆಯ ಉಪಕರಣ ರೂಪಿಸಿದರು. ಒಳಗೆ ಸ್ಪ್ರಿಂಗ್ ಕಟ್ಟಿದ ಪುಟ್ಟ ಪಂಪು. ಗುಂಡಿ ಒತ್ತಿದರೆ ಐದು ಸಿಸಿ ಗಾಳಿ ಸಣ್ಣ ರಂಧ್ರದಿಂದ ನುಗ್ಗಿ, ವ್ಯಾಸಲೀನ್ ಸವರಿದ ಗಾಜಿಗೆ ಬಡಿಯುತ್ತದೆ. ಗಾಳಿ ಪಕ್ಕಕ್ಕೆ ಹರಿದುಹೋಗುತ್ತದೆ, ಧೂಳು ಗಾಜಿಗೆ ಅಂಟಿ ಚುಕ್ಕೆಯಾಗುತ್ತದೆ. ಆ ಚುಕ್ಕೆಯ ಕಣಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಎಣಿಸಿ, ಒಂದು ಸಿಸಿ ಗಾಳಿಗೆ ಇಷ್ಟು ಕಣ ಎಂದು ಬರೆಯುತ್ತಿದ್ದರು. ಉಪಕರಣ ಹಗುರ, ಕೆಲಸ ಬೇಗ. ಒಬ್ಬ ತನಿಖಾಧಿಕಾರಿ ಒಂದು ಪಾಳಿಯಲ್ಲಿ ಎಷ್ಟೋ ಜಾಗ ಸುತ್ತಿ ಬರಬಹುದಿತ್ತು. ಕೆಲವೇ ವರ್ಷಗಳಲ್ಲಿ ಕೋನಿಮೀಟರ್ ಗಣಿಲೋಕದ ಮೂಲೆಮೂಲೆಗೂ ಹೋಯಿತು.

ಅದರ ಒಳ್ಳೆಯ ಗುಣವೇ ಅದರ ಕೊರತೆಯೂ ಆಗಿತ್ತು. ಮೈಮುರಿದು ದುಡಿಯುವ ಮನುಷ್ಯ ಒಂದು ಪಾಳಿಯಲ್ಲಿ ಸುಮಾರು ಹತ್ತು ಘನ ಮೀಟರ್, ಅಂದರೆ ಒಂದು ಕೋಟಿ ಸಿಸಿ, ಗಾಳಿ ಒಳಗೆಳೆದುಕೊಳ್ಳುತ್ತಾನೆ. ಕೋನಿಮೀಟರ್ ನೋಡುವುದು ಅದರಲ್ಲಿ ಐದು ಸಿಸಿಯನ್ನು, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಮದ್ದು ಸಿಡಿಸಿದ ಕೂಡಲೇ ಒತ್ತಿದರೆ ಒಂದು ಅಂಕಿ, ನೀರು ಚಿಮುಕಿಸಿ ಅರ್ಧ ಗಂಟೆ ಕಾದು ಒತ್ತಿದರೆ ಇನ್ನೊಂದು. ಯಾವಾಗ ಒತ್ತಬೇಕೆಂದು ನಿರ್ಧರಿಸುತ್ತಿದ್ದವನು ಅಳೆಯುವವನು. ಡ್ರಿಲ್ ಹಿಡಿದವನಿಗೆ ಅಲ್ಲಿ ಮಾತಿರಲಿಲ್ಲ. ಗಣಿ ಒಡೆಯರ ಒಕ್ಕೂಟವಾದ ಚೇಂಬರ್ ಆಫ್ ಮೈನ್ಸ್ ತಾನೇ ಈ ಮಾದರಿಗಳ ಕೆಲಸದಲ್ಲಿ ದೊಡ್ಡ ಪಾಲು ವಹಿಸಿಕೊಂಡಿತ್ತು.

ವರ್ಷ ಕಳೆದಂತೆ ಅಂಕಿಗಳು ಇಳಿದವು. ನೀರು ಹಾಯಿಸುತ್ತಾ ಕೊರೆಯುವ ಡ್ರಿಲ್ಲುಗಳು, ಗಾಳಿಯಾಡಿಸುವ ವ್ಯವಸ್ಥೆ, ಮದ್ದು ಸಿಡಿಸಲು ನಿಗದಿಯಾದ ಹೊತ್ತು ಇವೆಲ್ಲ ಬಂದದ್ದು ನಿಜ, ಅವುಗಳಿಂದ ಜೀವಗಳು ಉಳಿದದ್ದೂ ನಿಜ. 1930ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸಿಲಿಕೋಸಿಸ್ ಕುರಿತ ಮೊದಲ ಜಾಗತಿಕ ಸಮ್ಮೇಳನವನ್ನು ನಡೆಸಿದ್ದು ಜೋಹಾನ್ಸ್‌ಬರ್ಗಿನಲ್ಲೇ. ಧೂಳನ್ನು ಗೆದ್ದ ನಗರವೆಂಬ ಗೌರವ ಆ ಊರಿಗೆ ಅಲ್ಲಿ ಸಿಕ್ಕಿತು. ಆದರೆ ಬಂಡೆಗೆ ಮುಖ ಕೊಟ್ಟು ಕೊರೆಯುತ್ತಿದ್ದವರು, ಒಡೆದ ಕಲ್ಲನ್ನು ಸಲಿಕೆಯಿಂದ ತುಂಬುತ್ತಿದ್ದವರು ಬಹುತೇಕ ಕರಿಯರು. ಟ್ರಾನ್ಸ್‌ಕೈ, ಬಸುತೊಲ್ಯಾಂಡ್, ಮೊಜಾಂಬಿಕ್‌ಗಳಿಂದ ಕರಾರಿನ ಮೇಲೆ ಬಂದು, ಕರಾರು ಮುಗಿದಾಗ ಹಳ್ಳಿಗೆ ಹೋಗುವ ಗಂಡಸರು. ಬಿಳಿಯ ಗಣಿಗಾರನಿಗೆ ವೈದ್ಯಕೀಯ ಪರೀಕ್ಷೆಯೂ ಪಿಂಚಣಿಯೂ ಇದ್ದವು. ಕರಿಯನಿಗೆ ಸಿಕ್ಕರೆ ಒಂದು ಸಲದ ಸಣ್ಣ ಮೊತ್ತ. ಕಾಯಿಲೆ ಹಲವು ವರ್ಷದ ಮೇಲೆ ಕಾಣಿಸಿಕೊಳ್ಳುವಂಥದ್ದು. ಅಷ್ಟರಲ್ಲಿ ಅವನು ಎಕ್ಸ್-ರೇ ಇಲ್ಲದ ಊರಿನಲ್ಲಿರುತ್ತಿದ್ದ. ಧೂಳಿನ ಪುಸ್ತಕದಲ್ಲಿ ಅಂಕಿ ಇಳಿಯಿತು, ರೋಗಿಗಳ ಪುಸ್ತಕದಲ್ಲಿ ಅವನ ಹೆಸರೇ ಏರಲಿಲ್ಲ.

1990ರ ದಶಕದಲ್ಲಿ ವೈದ್ಯರು ಬೋಟ್ಸ್ವಾನಾದ ಮತ್ತು ಟ್ರಾನ್ಸ್‌ಕೈನ ಹಳ್ಳಿಗಳಿಗೇ ಹೋಗಿ ಹಳೆಯ ಗಣಿ ಕೆಲಸಗಾರರ ಎದೆಯ ಎಕ್ಸ್-ರೇ ತೆಗೆದರು. ನೂರಕ್ಕೆ 20ಕ್ಕಿಂತ ಹೆಚ್ಚು ಮಂದಿಯಲ್ಲಿ ಧೂಳಿನ ಕಾಯಿಲೆ ಕಂಡಿತು. ಎಂಬತ್ತು ವರ್ಷ ಧೂಳು ಎಣಿಸಿದ ದೇಶದಲ್ಲಿ! 2019ರ ಜುಲೈಯಲ್ಲಿ ಜೋಹಾನ್ಸ್‌ಬರ್ಗ್‌ನ ಹೈಕೋರ್ಟು ಗಣಿ ಕಂಪನಿಗಳು ಮತ್ತು ಕೆಲಸಗಾರರ ನಡುವಿನ ಸುಮಾರು 500 ಕೋಟಿ ರ‍್ಯಾಂಡ್‌ಗಳ ಪರಿಹಾರ ಒಪ್ಪಂದಕ್ಕೆ ಸಮ್ಮತಿ ಕೊಟ್ಟಿತು. ಆ ಹೊತ್ತಿಗೆ ಪರಿಹಾರ ಪಡೆಯಬೇಕಾದ ಎಷ್ಟೋ ಮನೆಗಳಲ್ಲಿ ಉಳಿದಿದ್ದವರು ವಿಧವೆಯರು.

ಹಿಂದಕ್ಕೆ ಹೋದರೆ, ಕೋನಿಮೀಟರಿನ ಕಾಲದಲ್ಲೇ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಎರಡು ಊರುಗಳು ಎರಡು ದಾರಿ ಹಿಡಿದವು.

ಮೊದಲನೆಯದು ವರ್ಮಾಂಟ್ ರಾಜ್ಯದ ಬ್ಯಾರಿ. ಅಮೆರಿಕದ ಸ್ಮಶಾನಗಳಿಗೆ, ಸರ್ಕಾರಿ ಕಟ್ಟಡಗಳಿಗೆ ಬೂದು ಗ್ರಾನೈಟ್ ಒದಗಿಸಿದ ಊರು. ಇಟಲಿಯಿಂದ, ಸ್ಕಾಟ್ಲೆಂಡಿನಿಂದ ನುರಿತ ಕಲ್ಲುಕುಟಿಗರು ಬಂದು ಅಲ್ಲಿ ನೆಲೆಸಿದ್ದರು. ಸುತ್ತಿಗೆ-ಉಳಿಯ ಕಾಲದಲ್ಲಿ ಧೂಳು ದಪ್ಪಗಿತ್ತು, ಕಾಲ ಬಳಿಯೇ ಬೀಳುತ್ತಿತ್ತು. ಗಾಳಿಯ ಒತ್ತಡದಿಂದ ನಡೆಯುವ ಉಳಿ ಬಂದ ಮೇಲೆ ಕಲ್ಲು ಹಿಟ್ಟಾಗತೊಡಗಿತು. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಶೆಡ್ಡುಗಳಲ್ಲಿ ಆ ಹಿಟ್ಟು ದಿನವಿಡೀ ತೇಲುತ್ತಿತ್ತು. ನಡುವಯಸ್ಸು ದಾಟುವ ಮೊದಲೇ ಕ್ಷಯ ಹಿಡಿದು ಸತ್ತವರಿಗೆ ಲೆಕ್ಕವಿರಲಿಲ್ಲ. ತಮ್ಮದೇ ಗೋರಿಕಲ್ಲಿಗೆ ಬೇಕಾದ ಕಲ್ಲು ಕಡಿಯುತ್ತಾ ಅವರು ಬದುಕಿದರು.

1920ರ ದಶಕದ ನಡುವೆ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ವೈದ್ಯರು ಅಲ್ಲಿಗೆ ಬಂದರು. ಅವರ ಕೈಯಲ್ಲಿದ್ದದ್ದು ಲೆನರ್ಡ್ ಗ್ರೀನ್‌ಬರ್ಗ್ ಮತ್ತು ಜಾರ್ಜ್ ಸ್ಮಿತ್ 1922ರಲ್ಲಿ ರೂಪಿಸಿದ ಇಂಪಿಂಜರ್. ನಿಮಿಷಕ್ಕೆ ಒಂದು ಘನ ಅಡಿ ಗಾಳಿಯನ್ನು ಎಳೆದು ನೀರಿನೊಳಗೆ ರಭಸವಾಗಿ ಬಡಿಯುವ ಗಾಜಿನ ಪಾತ್ರೆ ಅದು. ನೀರಿನಲ್ಲಿ ಸಿಕ್ಕ ಕಣಗಳನ್ನು ಎಣಿಸಿ, ಒಂದು ಘನ ಅಡಿ ಗಾಳಿಗೆ ಇಷ್ಟು ದಶಲಕ್ಷ ಕಣ ಎಂದು ಹೇಳುತ್ತಿದ್ದರು. ಕೋನಿಮೀಟರಿನ ಕ್ಷಣದ ಬದಲು ಇಲ್ಲಿ ಹಲವು ನಿಮಿಷಗಳ ಗಾಳಿ ಲೆಕ್ಕಕ್ಕೆ ಬಂತು.

ಬ್ಯಾರಿಯಲ್ಲಿ ನಡೆದ ಕೆಲಸದ ನಿಜವಾದ ಹೊಸತನ ಬೇರೆಯೇ ಇತ್ತು. ಒಂದು ಕಡೆ ಧೂಳಿನ ಎಣಿಕೆ, ಇನ್ನೊಂದು ಕಡೆ ಅದೇ ಜಾಗದಲ್ಲಿ ಅದೇ ಕೆಲಸ ಮಾಡುವವರ ಎದೆಯ ಎಕ್ಸ್-ರೇ; ಎರಡನ್ನೂ ಜೋಡಿಸಿ ನೋಡಿದರು. ಗಾಳಿ-ಉಳಿ ಹಿಡಿದವರ ಬಳಿ ಎಣಿಕೆ ಅತಿ ಹೆಚ್ಚು, ಅವರಲ್ಲಿ ಕಾಯಿಲೆಯೂ ಅತಿ ಹೆಚ್ಚು. ಕಡಿಮೆ ಧೂಳಿನ ಗುಂಪಿನಲ್ಲಿ ಕಾಯಿಲೆ ಕಾಣಲಿಲ್ಲ. ಆಲ್ಬರ್ಟ್ ರಸೆಲ್ ಮತ್ತು ಸಂಗಡಿಗರು 1929ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಘನ ಅಡಿಗೆ ಹತ್ತರಿಂದ ಇಪ್ಪತ್ತು ದಶಲಕ್ಷ ಕಣಗಳ ನಡುವೆ ಎಲ್ಲೋ ಸುರಕ್ಷಿತ ಗೆರೆ ಇತ್ತು. ಮುಂದೆ ಜಗತ್ತಿನ ಹಲವು ಕಾನೂನುಗಳಲ್ಲಿ ಕುಳಿತ ಸಿಲಿಕಾ ಮಿತಿಗೆ ಬೇರು ಇಲ್ಲಿದೆ. ಗೆರೆ ಸಿಕ್ಕಮೇಲೆ ಒಡೆಯರಿಗೆ ನೆಪ ಉಳಿಯಲಿಲ್ಲ, ಕಾರ್ಮಿಕ ಸಂಘಕ್ಕೆ ಹಿಡಿದು ಮಾತಾಡಲು ಒಂದು ಅಂಕಿ ಸಿಕ್ಕಿತು. 1930ರ ದಶಕದ ಕೊನೆಯಲ್ಲಿ ಪ್ರತಿ ಉಳಿಯ ಪಕ್ಕ ಧೂಳು ಹೀರುವ ಕೊಳವೆಗಳು ಬಂದವು, ವರ್ಷಕ್ಕೊಮ್ಮೆ ಎಕ್ಸ್-ರೇ ಬಂತು. ಆ ನಂತರ ಕೆಲಸಕ್ಕೆ ಸೇರಿದ ಪೀಳಿಗೆಯಲ್ಲಿ ಸಿಲಿಕೋಸಿಸ್ ಹೆಚ್ಚುಕಡಿಮೆ ಕಾಣೆಯಾಯಿತು. ಅಳತೆ ಮಾಡಿದ್ದರಿಂದ ಸಾವು ನಿಂತದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯ ಊರು ಪಶ್ಚಿಮ ವರ್ಜೀನಿಯಾದ ಗಾಲಿ ಬ್ರಿಡ್ಜ್. 1930ರಲ್ಲಿ ಅಲ್ಲಿನ ಹಾಕ್ಸ್ ನೆಸ್ಟ್ ಬೆಟ್ಟದೊಳಗೆ ಸುಮಾರು ಮೂರು ಮೈಲಿಯ ಸುರಂಗ ಕೊರೆಯಲು ಶುರುಮಾಡಿದರು. ನದಿಯ ನೀರನ್ನು ತಿರುಗಿಸಿ, ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಗೆ ವಿದ್ಯುತ್ ತೆಗೆಯುವ ಯೋಜನೆ. ಆರ್ಥಿಕ ಮುಗ್ಗಟ್ಟಿನ ದಿನಗಳು. ದಕ್ಷಿಣದ ರಾಜ್ಯಗಳಿಂದ ಕೂಲಿ ಹುಡುಕಿ ಬಂದ ಕರಿಯರೇ ಸುರಂಗದ ಆಳುಗಳಲ್ಲಿ ಬಹುಪಾಲು. ಬೆಟ್ಟ ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಇದು ಯೋಜನೆಯವರಿಗೆ ಗೊತ್ತಿತ್ತು, ಏಕೆಂದರೆ ಒಡೆದ ಕಲ್ಲನ್ನು ಸಾಗಿಸಿ ಫೆರೊಸಿಲಿಕಾನ್ ತಯಾರಿಕೆಗೆ ಬಳಸುತ್ತಿದ್ದರು. ಕಲ್ಲಿನಲ್ಲಿ ನೂರಕ್ಕೆ ಎಷ್ಟು ಸಿಲಿಕಾ ಎಂದು ಪರೀಕ್ಷಿಸಿದರು. ಅದೇ ಸಿಲಿಕಾ ಗಾಳಿಯಲ್ಲಿ ಎಷ್ಟಿದೆ ಎಂದು ನೋಡುವ ಕೆಲಸಕ್ಕೆ ಯಾರೂ ಕೈಹಾಕಲಿಲ್ಲ. ಕೋನಿಮೀಟರ್ ಬಂದು ಹದಿನಾಲ್ಕು ವರ್ಷ, ಇಂಪಿಂಜರ್ ಬಂದು ಎಂಟು ವರ್ಷ, ಬ್ಯಾರಿಯ ವರದಿ ಬಂದು ಒಂದು ವರ್ಷ ಆಗಿತ್ತು.

ನೀರು ಹಾಯಿಸದೆ ಒಣಗಲ್ಲನ್ನು ಕೊರೆದರು. ಕೆಲವೇ ತಿಂಗಳ ಕೆಲಸಕ್ಕೆ ಗಂಡಸರು ಬಿದ್ದುಹೋದರು. 1933ರಲ್ಲಿ ಮೊಕದ್ದಮೆ ನಡೆದಾಗ ವಾದವೆಲ್ಲ ಕಣ್ಣಳತೆಯ ಮೇಲೆ ನಿಂತಿತು: ಹತ್ತಡಿ ದೂರದ ದೀಪ ಕಾಣುತ್ತಿರಲಿಲ್ಲ ಎಂದು ಕೆಲಸಗಾರರು, ಸುರಂಗ ನಿಚ್ಚಳವಾಗಿತ್ತು ಎಂದು ಎದುರು ಪಕ್ಷದ ಸಾಕ್ಷಿಗಳು. ಜ್ಯೂರಿಗೆ ಒಮ್ಮತಕ್ಕೆ ಬರಲಾಗಲಿಲ್ಲ. 1936ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಗುತ್ತಿಗೆದಾರರು ಒಪ್ಪಿದ ಸಾವು 109. ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯರು ಅರ್ಧ ಶತಮಾನದ ನಂತರ ದಾಖಲೆಗಳನ್ನು ಜಾಲಾಡಿ, 1986ರಲ್ಲಿ ಕೊಟ್ಟ ಅಂದಾಜು 764. ಎರಡು ಅಂಕಿಗಳ ನಡುವೆ ಆರುನೂರೈವತ್ತಕ್ಕೂ ಹೆಚ್ಚು ಮನುಷ್ಯರು ಇದ್ದಾರೆ. ಸುರಂಗದಲ್ಲಿ ಯಾರಾದರೂ ಒಬ್ಬರು ಪ್ರತಿ ವಾರ ಗಾಳಿ ಅಳೆದು ಬರೆದಿಟ್ಟಿದ್ದರೆ ಜ್ಯೂರಿಯ ಮುಂದೆ ದೀಪ ಕಂಡಿತೋ ಇಲ್ಲವೋ ಎಂಬ ಜಗಳ ಏಳುತ್ತಲೇ ಇರಲಿಲ್ಲ.

ಬ್ರಿಟನ್ನಿನಲ್ಲಿ ಕಥೆ ಕಲ್ಲಿದ್ದಲಿನ ಕಡೆ ಹರಿಯಿತು. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಗಾರರ ಎದೆ ಕೆಡುವುದಕ್ಕೆ ಕ್ವಾರ್ಟ್ಜ್ ಒಂದೇ ಕಾರಣ ಎಂದು ಬಹುಕಾಲ ನಂಬಿದ್ದರು. ಕಲ್ಲಿದ್ದಲಿನ ಧೂಳಿಗೂ ತನ್ನದೇ ಕಾಯಿಲೆ ಇದೆ ಎಂದು ಕಾನೂನು ಒಪ್ಪಿದ್ದು 1943ರಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾರ್ಡಿಫ್ ಬಳಿ ಸಂಶೋಧನಾ ಘಟಕ ತೆರೆಯಿತು. 1950ರ ದಶಕದಲ್ಲಿ ಇಪ್ಪತ್ತೈದು ಗಣಿಗಳಲ್ಲಿ ಸಾವಿರಾರು ಕೆಲಸಗಾರರನ್ನು ವರ್ಷಗಟ್ಟಲೆ ಹಿಂಬಾಲಿಸಿ ಧೂಳನ್ನೂ ಎದೆಯನ್ನೂ ಜೊತೆಜೊತೆಗೆ ಅಳೆಯುವ ದೊಡ್ಡ ಅಧ್ಯಯನ ಶುರುವಾಯಿತು. ಅದರಿಂದ ಎಣಿಕೆಯ ಕಾಲ ಮುಗಿಯಿತು. ಕಣಗಳ ಸಂಖ್ಯೆಗಿಂತ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಸಣ್ಣ ಕಣಗಳ ಒಟ್ಟು ತೂಕವೇ ಕಾಯಿಲೆಯ ಜೊತೆ ಸರಿಯಾಗಿ ಹೊಂದುತ್ತದೆ ಎಂದು ಗೊತ್ತಾಯಿತು. ಸಕ್ಕರೆ ಕೊಳವೆಯವರು ತೂಗಿದ್ದು ತಪ್ಪಾಗಿರಲಿಲ್ಲ. ದಪ್ಪ ಕಣವನ್ನು ಮೊದಲು ಬೇರ್ಪಡಿಸುವ ಉಪಾಯ ಅವರಲ್ಲಿ ಇರಲಿಲ್ಲ. ಈಗ ಬಂತು. ಅಡ್ಡಡ್ಡ ಜೋಡಿಸಿದ ತೆಳು ತಗಡುಗಳ ನಡುವೆ ಗಾಳಿಯನ್ನು ನಿಧಾನವಾಗಿ ಹಾಯಿಸಿದರೆ ಭಾರದ ಕಣ ತಗಡಿನ ಮೇಲೆ ಕೂರುತ್ತದೆ, ಸಣ್ಣದು ಫಿಲ್ಟರಿಗೆ ತಲುಪುತ್ತದೆ. ಎಂಥ ಕಣವನ್ನು 'ಉಸಿರಿಗಿಳಿಯುವ ಧೂಳು' ಎನ್ನಬೇಕು ಎಂಬ ಗೆರೆಯನ್ನು 1959ರಲ್ಲಿ ಮತ್ತೊಂದು ಜೋಹಾನ್ಸ್‌ಬರ್ಗ್ ಸಮ್ಮೇಳನ ಅಂಗೀಕರಿಸಿತು.

ಆದರೂ ಬ್ರಿಟನ್ನಿನ ಈ ಯಂತ್ರ ನಿಂತದ್ದು ಕಲ್ಲಿದ್ದಲು ಕಡಿಯುವ ಜಾಗದಿಂದ ಎಪ್ಪತ್ತು ಮೀಟರ್ ದೂರದಲ್ಲಿ, ಗಾಳಿ ಹೊರಹೋಗುವ ಹಾದಿಯಲ್ಲಿ. ಇಡೀ ಗಣಿಯ ಸ್ಥಿತಿ ತಿಳಿಯಲು ಅದು ಒಳ್ಳೆಯ ಜಾಗ. ಯಂತ್ರದ ಬಾಯಿಗೆ ತಲೆಕೊಟ್ಟು ನಿಂತವನ ಸ್ಥಿತಿ ತಿಳಿಯಲು?

ಈ ಪ್ರಶ್ನೆಗೆ ಉತ್ತರ ಬಂದದ್ದು ಗಣಿಯಿಂದಲ್ಲ, ಅಣುಶಕ್ತಿಯಿಂದ. ಆಕ್ಸ್‌ಫರ್ಡ್ ಸಮೀಪದ ಹಾರ್ವೆಲ್‌ನಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಶೋಧನಾ ಕೇಂದ್ರವಿತ್ತು. ವಿಕಿರಣ ಸೂಸುವ ಧೂಳು ಗಾಳಿಗೆ ಸೇರಿತೇ ಎಂದು ನೋಡಲು ಪ್ರಯೋಗಾಲಯದ ಗೋಡೆಗಳ ಬಳಿ ಯಂತ್ರಗಳು ದಿನವಿಡೀ ಗಾಳಿ ಎಳೆಯುತ್ತಿದ್ದವು. ಅಲ್ಲಿನ ಆರ್. ಜೆ. ಶೇರ್‌ವುಡ್ ಮತ್ತು ಡಿ. ಎಂ. ಎಸ್. ಗ್ರೀನ್‌ಹಾಲ್ಜ್ ಎಂಬಿಬ್ಬರು ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪನ್ನು ಮಾಡಿ ಕೆಲಸಗಾರನ ಮೈಮೇಲೇ ಕಟ್ಟಿದರು. ಒಂದು ಕೊಳವೆ ಮೇಲಕ್ಕೆ ಹೋಗಿ ಕಾಲರಿನ ಬಳಿ ಪುಟ್ಟ ಫಿಲ್ಟರಿನಲ್ಲಿ ಮುಗಿಯುತ್ತಿತ್ತು. ಅವನು ಎಲ್ಲಿ ಹೋದರೂ ಅದು ಜೊತೆಗೆ ಹೋಗುತ್ತಿತ್ತು. 1960ರಲ್ಲಿ ಅವರು ಈ ಉಪಕರಣದ ವಿವರ ಪ್ರಕಟಿಸಿದರು. ಗೋಡೆಯ ಯಂತ್ರ ತೋರಿಸುತ್ತಿದ್ದುದಕ್ಕಿಂತ ಕಾಲರಿನ ಫಿಲ್ಟರಿನಲ್ಲಿ ಸಿಕ್ಕದ್ದು ಹಲವು ಪಟ್ಟು ಹೆಚ್ಚು.

ಇದರ ಕಾರಣ ಸರಳ. ಧೂಳು ಹುಟ್ಟುವುದು ಕೆಲಸಗಾರನ ಕೈಯಡಿಯಲ್ಲಿ. ಅವನು ಬಗ್ಗಿದಾಗ, ಉಜ್ಜಿದಾಗ, ಚೀಲ ಝಾಡಿಸಿದಾಗ, ಬಟ್ಟೆ ಕೊಡವಿದಾಗ ಅವನ ಮುಖದ ಮುಂದೆಯೇ ಒಂದು ಸಣ್ಣ ಮೋಡ ಎದ್ದು, ಗೋಡೆ ತಲುಪುವಷ್ಟರಲ್ಲಿ ಕೋಣೆಯ ಗಾಳಿಯಲ್ಲಿ ಹರಡಿ ತೆಳುವಾಗುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದವರ ಗಂಟಲು ಹಿಡಿಯುವಂತೆ ಜಗಲಿಯಲ್ಲಿ ಕುಳಿತವರದ್ದು ಹಿಡಿಯುವುದಿಲ್ಲ, ಹಾಗೆ. ಮೂಗು ಬಾಯಿಯ ಸುತ್ತ ಸುಮಾರು ಮೂವತ್ತು ಸೆಂಟಿಮೀಟರ್ ಜಾಗವನ್ನು ಇಂದು 'ಉಸಿರಿನ ವಲಯ' ಎಂದು ಕರೆದು, ಅಳತೆ ಅಲ್ಲೇ ಆಗಬೇಕೆಂದು ಜಗತ್ತಿನ ಹಲವು ನಿಯಮಗಳು ಹೇಳುತ್ತವೆ. ಅರವತ್ತು ವರ್ಷ ಗೋಡೆ, ಸುರಂಗ, ಹಾದಿಗಳನ್ನು ಅಳೆದ ಮೇಲೆ ಕೊನೆಗೊಮ್ಮೆ ಮನುಷ್ಯನನ್ನು ಅಳೆಯುವುದು ಶುರುವಾಯಿತು.

ಆಮೇಲಿನ ಬೆಳವಣಿಗೆ ವೇಗವಾಗಿ ಆಯಿತು. ದಪ್ಪ ಕಣವನ್ನು ಬೇರ್ಪಡಿಸಲು ಹೆಬ್ಬೆರಳಿನಷ್ಟು ಗಾತ್ರದ ಸೈಕ್ಲೋನ್ ಬಂತು. ಗಾಳಿಯನ್ನು ಅದು ಗಿರಗಿರ ಸುತ್ತಿಸಿ ಭಾರದ್ದನ್ನು ಹೊರಗೆಸೆಯುತ್ತದೆ. ಬೆಂಜೀನ್‌ನಂಥ ಆವಿಗಳಿಗೆ ಇದ್ದಿಲು ತುಂಬಿದ ಗಾಜಿನ ಕೊಳವೆಗಳು, ಪಂಪೇ ಬೇಡದ ಬ್ಯಾಡ್ಜುಗಳು ಬಂದವು. ಅಮೆರಿಕ 1969ರ ಕಲ್ಲಿದ್ದಲು ಗಣಿ ಕಾಯ್ದೆಯಲ್ಲಿ ಘನ ಮೀಟರಿಗೆ ಎರಡು ಮಿಲಿಗ್ರಾಂ ಧೂಳಿನ ಮಿತಿ ತಂದು, ಗಣಿಗಾರನ ಮೈಮೇಲಿನ ಪಂಪಿನಿಂದಲೇ ಅದನ್ನು ಪರೀಕ್ಷಿಸಲು ಹೊರಟಿತು.

ಪಂಪು ಕಾಲರಿಗೆ ಬಂದರೂ ಫಿಲ್ಟರು ಕಂಪನಿಯ ಕೈಯಲ್ಲೇ ಉಳಿಯಿತು. ಮಾದರಿ ತೆಗೆದು ಕಳುಹಿಸುವ ಹೊಣೆ ಗಣಿಯವರದ್ದೇ. ಪಂಪನ್ನು ಶುದ್ಧ ಗಾಳಿಯ ಹಾದಿಯಲ್ಲಿ ನೇತುಹಾಕಿದರು, ಊಟದ ಡಬ್ಬಿಯೊಳಗೆ ಇಟ್ಟರು ಎಂದು ಗಣಿಗಾರರು ವರ್ಷಗಳ ಕಾಲ ಹೇಳುತ್ತಾ ಬಂದರು. 1991ರಲ್ಲಿ ಸರ್ಕಾರವೇ ಎಂಟುನೂರಕ್ಕೂ ಹೆಚ್ಚು ಗಣಿಗಳ ಫಿಲ್ಟರುಗಳ ನಡುಭಾಗ ಅಸಹಜವಾಗಿ ಬೆಳ್ಳಗಿದೆ, ಧೂಳನ್ನು ಊದಿ ತೆಗೆದಿದ್ದಾರೆ ಎಂದು ಆರೋಪಿಸಿತು. ಆ ದೊಡ್ಡ ಆರೋಪ ನ್ಯಾಯಪ್ರಕ್ರಿಯೆಯಲ್ಲಿ ನಿಲ್ಲಲಿಲ್ಲ. ಆದರೆ ಸುಳ್ಳು ಮಾದರಿಗಳಿಗಾಗಿ ತಪ್ಪೊಪ್ಪಿಕೊಂಡ ಪ್ರಕರಣಗಳು ಬೇರೆಯೇ ಇದ್ದವು. 2016ರಿಂದ ಅಲ್ಲಿನ ಗಣಿಗಾರರು ಧರಿಸುವ ಹೊಸ ಉಪಕರಣ ಪಾಳಿಯ ನಡುವೆಯೇ ಧೂಳಿನ ಅಂಕಿಯನ್ನು ಪರದೆಯ ಮೇಲೆ ತೋರಿಸುತ್ತದೆ. ತನ್ನ ಉಸಿರಿನ ಅಂಕಿಯನ್ನು ಮೊದಲು ನೋಡುವವನು ಈಗ ಗಣಿಗಾರ. ನಾನು ಇದನ್ನು ಬಹಳ ದೊಡ್ಡ ಗೆಲುವೆಂದು ತಿಳಿಯುತ್ತೇನೆ.

ನಮ್ಮ ಕೋಲಾರದ ಚಿನ್ನದ ಗಣಿಗೂ, ಅಂದರೆ ಕೆಜಿಎಫ್‌ಗೂ, ಈ ಚರಿತ್ರೆಗೂ ನಂಟಿದೆ. 1880ರಲ್ಲಿ ಇಲ್ಲಿಗೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಬೆನ್ನಹಿಂದೆ ಕಾರ್ನ್‌ವಾಲ್‌ನ ಗಣಿಗಾರರೂ ಬಂದರು. ದಕ್ಷಿಣ ಆಫ್ರಿಕಾಕ್ಕೆ ಹೋದವರ ಊರಿನವರೇ ಇವರು. ಬಂಡೆಯೂ ಅದೇ ಜಾತಿಯದು, ಚಿನ್ನ ಹೊತ್ತ ಬಿಳಿಕಲ್ಲು. ಸುರಂಗದಲ್ಲಿ ದುಡಿದವರು ಬಹುತೇಕ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಬಡವರು. ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದದ್ದು 1940ರಲ್ಲಿ. ಆ ದಶಕದಲ್ಲಿ ನಡೆದ ಸಮೀಕ್ಷೆ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿ, ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆ ಕಂಡಿತು. ಅಷ್ಟು ಹೊತ್ತಿಗೆ ಗಣಿ ತೆರೆದು ಅರವತ್ತು ವರ್ಷವಾಗಿತ್ತು. ಗಣಿ ಕೆಲಸಗಾರರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದು 1990ರಲ್ಲಿ ಕೆಜಿಎಫ್‌ನಲ್ಲಿ ಶುರುವಾಯಿತು; 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಚಿನ್ನ ತೆಗೆದು ಉಳಿದ ಅದಿರಿನ ಪುಡಿ, ಊರವರು ಸೈನೈಡ್ ದಿಬ್ಬ ಎನ್ನುವ ಆ ಗುಡ್ಡಗಳು, ಮೂರು ಕೋಟಿ ಟನ್ನಿನಷ್ಟು ಅಲ್ಲೇ ಬಿದ್ದಿವೆ. ಗಾಳಿಕಾಲದಲ್ಲಿ ಅದರ ಧೂಳು ಮನೆಯೊಳಗೆ ಬರುತ್ತದೆ. ಕಾಲರಿಗೆ ಪಂಪು ಕಟ್ಟುವ ಕಾನೂನು ಎಂದೂ ಅನ್ವಯಿಸದ ಹೆಂಗಸರು ಮಕ್ಕಳು ಅದನ್ನು ಉಸಿರಾಡುತ್ತಾರೆ.

ಭೋಪಾಲದ ದುರಂತದ ನಂತರ, 1987ರಲ್ಲಿ, ನಮ್ಮ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂದು, ಕೆಲಸದ ಜಾಗದ ಗಾಳಿಯಲ್ಲಿ ರಾಸಾಯನಿಕಗಳು ಎಷ್ಟಿರಬಹುದು ಎಂಬ ಪಟ್ಟಿ ಎರಡನೆಯ ಅನುಸೂಚಿಯಾಗಿ ಸೇರಿತು. ಕ್ವಾರ್ಟ್ಜ್‌ನ ಎದುರು ಅಲ್ಲಿ ಒಂದು ಸೂತ್ರವಿತ್ತು: ಕ್ವಾರ್ಟ್ಜ್‌ನ ಶೇಕಡಾ ಪ್ರಮಾಣಕ್ಕೆ ಹತ್ತು ಕೂಡಿಸಿ, 10,600ನ್ನು ಅದರಿಂದ ಭಾಗಿಸಬೇಕು, ಬಂದದ್ದು ಒಂದು ಘನ ಮೀಟರಿನಲ್ಲಿ ಇರಬಹುದಾದ ಕಣಗಳು, ದಶಲಕ್ಷಗಳಲ್ಲಿ. ಈ 10,600 ಎಲ್ಲಿಂದ ಬಂತು? ಅಮೆರಿಕದ ಹಳೆಯ ಸೂತ್ರದಲ್ಲಿ ಘನ ಅಡಿಯ ಲೆಕ್ಕಕ್ಕೆ ಇದ್ದ ಅಂಕಿ 300. ಒಂದು ಘನ ಮೀಟರಿಗೆ ಸುಮಾರು 35.3 ಘನ ಅಡಿ. ಗುಣಿಸಿದರೆ ಹೆಚ್ಚುಕಡಿಮೆ 10,600. ಇಂಪಿಂಜರಿನ ನೀರಿನಲ್ಲಿ ಕಣ ಎಣಿಸುತ್ತಿದ್ದ ಕಾಲದ ಲೆಕ್ಕ, ಜಗತ್ತು ಎಣಿಕೆ ಬಿಟ್ಟು ತೂಕಕ್ಕೆ ಹೊರಳಿ ಎರಡು ದಶಕವಾದ ಮೇಲೆ, ನಮ್ಮ ಶಾಸನದೊಳಗೆ ಬಂದು ಕುಳಿತಿತು. ತೂಕದ ಸೂತ್ರವೂ ಅದರ ಪಕ್ಕದಲ್ಲೇ ಇತ್ತು. ಆದರೆ ಯಾವ ಸೂತ್ರವೂ ಪಂಪು, ಫಿಲ್ಟರು, ತೂಗುವ ಪ್ರಯೋಗಾಲಯ ಮತ್ತು ಅವನ್ನು ಹೊತ್ತು ಶೆಡ್ಡಿಗೆ ಹೋಗುವ ತರಬೇತಾದ ಮನುಷ್ಯ ಇಲ್ಲದೆ ಕೆಲಸ ಮಾಡುವುದಿಲ್ಲ. ಮಧ್ಯಪ್ರದೇಶದ ಮಂದಸೌರಿನಲ್ಲಿ ಮಕ್ಕಳ ಬಳಪ ಕೊಯ್ಯುತ್ತಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇದ್ದದ್ದು ಬೆಳಕಿಗೆ ಬಂದದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಗೆ ಹೋಗಿ ನೋಡಿದ್ದರಿಂದ.

ಮಿತಿಯೂ ಇಳಿಯುತ್ತಾ ಬಂದಿದೆ. ಅಮೆರಿಕ 2016ರಲ್ಲಿ ಸಿಲಿಕಾ ಮಿತಿಯನ್ನು ಘನ ಮೀಟರಿಗೆ 50 ಮೈಕ್ರೋಗ್ರಾಂಗೆ ಇಳಿಸಿತು. ಅದರದ್ದೇ ಸಂಶೋಧನಾ ಸಂಸ್ಥೆ ಈ ಅಂಕಿಯನ್ನು ಸೂಚಿಸಿದ್ದು 1974ರಲ್ಲಿ. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಯಿತು. ಕ್ವಾರ್ಟ್ಜ್ ಪುಡಿಯನ್ನು ರಾಳದಲ್ಲಿ ಕಲಸಿ ಮಾಡಿದ ಅಡುಗೆಕಟ್ಟೆಯ ಹಲಗೆಗಳನ್ನು ಕತ್ತರಿಸುತ್ತಿದ್ದ ಯುವಕರು ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್‌ಗೆ ತುತ್ತಾಗುವುದನ್ನು ಕಂಡು, ಅಂಥ ಹಲಗೆಯನ್ನೇ 2024ರ ಜುಲೈ 1ರಿಂದ ನಿಷೇಧಿಸಿತು. ಆ ಹಲಗೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಸಿಲಿಕಾ ಇರಬಹುದು, ಹಾಕ್ಸ್ ನೆಸ್ಟ್ ಬೆಟ್ಟದ ಮಟ್ಟಕ್ಕೆ.

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳ ಅಡುಗೆಮನೆಗಳಲ್ಲಿ ಇದೇ ಕ್ವಾರ್ಟ್ಜ್ ಹಲಗೆ ಬೇಕೆನ್ನುವವರು ಹೆಚ್ಚುತ್ತಿದ್ದಾರೆ. ಸಿಂಕಿಗೆ, ಒಲೆಗೆ ಜಾಗ ಬಿಡಲು ಹಲಗೆಯನ್ನು ಅಲ್ಲೇ, ಬಾಲ್ಕನಿಯಲ್ಲೋ ಕೋಣೆಯೊಳಗೋ, ಕೂಲಿ ಹುಡುಗನೊಬ್ಬ ಗ್ರೈಂಡರಿನಿಂದ ಕೊಯ್ಯುತ್ತಾನೆ. ಮುಖಕ್ಕೆ ಕಟ್ಟಿದ್ದು ಟವೆಲ್ಲು. ಇವತ್ತು ಒಂದು ಮನೆ, ನಾಳೆ ಇನ್ನೊಂದು ಬಡಾವಣೆ. ಅಲ್ಲಿ ಯಂತ್ರ ನೇತುಹಾಕಲು ಕಾರ್ಖಾನೆಯ ಗೋಡೆ ಇಲ್ಲ, ತಪಾಸಣೆಗೆ ಬರುವವರಿಗೆ ಖಾಯಂ ವಿಳಾಸವೂ ಇಲ್ಲ. ಅವನ ಧೂಳನ್ನು ಅಳೆಯಬೇಕೆಂದರೆ ಶೇರ್‌ವುಡ್ ಮಾಡಿದಂತೆ ಅವನ ಕಾಲರಿಗೇ ಫಿಲ್ಟರು ಸಿಕ್ಕಿಸಬೇಕು. ಗ್ರೈಂಡರಿನ ಚಕ್ರಕ್ಕೆ ನೀರು ಬಿಡಬೇಕು, ಬ್ಯಾರಿಯವರು ಉಳಿಯ ಪಕ್ಕ ಇಟ್ಟಂತೆ ಧೂಳು ಹೀರುವ ಕೊಳವೆ ಜೋಡಿಸಬೇಕು, ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ತೆಗೆಸಬೇಕು. ಇದರಲ್ಲಿ ಯಾವುದೂ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಇವಕ್ಕೆಲ್ಲ ಯಾರು ಹೊಣೆ, ಹಲಗೆ ಮಾರಿದ ಕಂಪನಿಯೋ, ಕೂಲಿಗೆ ಕರೆತಂದ ಗುತ್ತಿಗೆದಾರನೋ, ಮನೆ ಕಟ್ಟಿಸಿದ ಬಿಲ್ಡರೋ ಎಂಬುದನ್ನು ನಮ್ಮ ಸರ್ಕಾರ ಬರೆದು ಹೇಳಬೇಕು, ಮತ್ತು ಆ ಹುಡುಗನ ಹೆಸರಿನ ಮುಂದೆ ಅವನ ಧೂಳಿನ ಅಂಕಿ ದಾಖಲಾಗಬೇಕು.